ಮೂರು ಪೇಪರ್, ಒಂದೇ ಮರ: ಪದವಿಯಲ್ಲಿ ಪ್ರಾಣಿ, ಸಸ್ಯ, ಪರಿಸರ ಓದುವವರಿಗೆ

ಪಿಯುಸಿ ಮುಗಿಸಿ ಬಿ.ಎಸ್ಸಿ.ಗೆ ಸೇರಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಅಥವಾ ಅಂಥದೇ ಕಾಂಬಿನೇಷನ್ ತೆಗೆದುಕೊಂಡವರಿಗೆ ಸಸ್ಯಶಾಸ್ತ್ರ ಒಂದು ಕಡೆ, ಪ್ರಾಣಿಶಾಸ್ತ್ರ ಇನ್ನೊಂದು ಕಡೆ ಸಿಗುತ್ತದೆ. ಪರಿಸರ ವಿಜ್ಞಾನ ಯಾವುದೋ ಸೆಮಿಸ್ಟರಿನ ಕೊನೆಯ ಯೂನಿಟ್ ಆಗಿ ಬರುತ್ತದೆ. ಲ್ಯಾಬ್ ಬೇರೆ, ಮೇಷ್ಟ್ರು ಬೇರೆ, ರೆಕಾರ್ಡ್ ಬೇರೆ. ಓದುವವರೂ ಇವು ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳೆಂದೇ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ತಿಂಗಳಿಗೆ ಹೆಸರುಗಳೂ ಮರೆತುಹೋಗುತ್ತವೆ, ಚಿತ್ರಗಳೂ ಮರೆತುಹೋಗುತ್ತವೆ.

ಇದನ್ನು ಓದುವ ಬೇರೆ ದಾರಿಯೊಂದಿದೆ. ಒಂದು ಜಾಗ ಆರಿಸಿಕೊಳ್ಳಿ. ಮೂರು ವರ್ಷ ಅದನ್ನು ಬಿಡದೆ ನೋಡಿ. ಸಿಲೆಬಸ್ಸಿನಲ್ಲಿ ಬಂದದ್ದನ್ನೆಲ್ಲ ಆ ಜಾಗದಲ್ಲೇ ಹುಡುಕಿ. ಕೆಳಗೆ ಹೇಳಿರುವುದೆಲ್ಲ ಈ ಒಂದು ಮಾತಿನ ವಿವರ.

ಸೇರುವ ಮುನ್ನ

ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಕ್ರಮವನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಗಿದೆ. ಹಾಗಾಗಿ ಅಣ್ಣನೋ ಅಕ್ಕನೋ ಓದಿದ ಸಿಲೆಬಸ್ ನಿಮ್ಮದಾಗಿರಬೇಕೆಂದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಜಾಲತಾಣದಿಂದ ನಿಮ್ಮ ಬ್ಯಾಚಿನ ಸಿಲೆಬಸ್ಸನ್ನೇ ಇಳಿಸಿಕೊಳ್ಳಿ. ಥಿಯರಿಗಿಂತ ಮೊದಲು ಪ್ರಾಕ್ಟಿಕಲ್ ಪಟ್ಟಿ ಓದಿ, ಕೋರ್ಸಿನ ನಿಜವಾದ ಸ್ವರೂಪ ಅಲ್ಲಿ ಕಾಣುತ್ತದೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹಿಡಿದು ಮೂರು ವಿಷಯ ಕೇಳಿ: ಒಂದು ಮೈಕ್ರೋಸ್ಕೋಪಿಗೆ ಎಷ್ಟು ಜನ? ಕಳೆದ ವರ್ಷ ಫೀಲ್ಡ್ ಟ್ರಿಪ್ ಎಲ್ಲಿಗೆ ಹೋಗಿತ್ತು, ಅಲ್ಲಿ ಏನು ಮಾಡಿದಿರಿ? ಹರ್ಬೇರಿಯಂ ಶೀಟುಗಳನ್ನು, ಅಂದರೆ ಗಿಡ ಒಣಗಿಸಿ ಅಂಟಿಸಿದ ಹಾಳೆಗಳನ್ನು, ವಿದ್ಯಾರ್ಥಿಗಳೇ ಮಾಡುತ್ತಾರೋ, ಅಂಗಡಿಯಿಂದ ತಂದು ಕೊಡುತ್ತಾರೋ? ಜಿಲ್ಲಾ ಕೇಂದ್ರದ ಸಾಧಾರಣ ಸರ್ಕಾರಿ ಕಾಲೇಜಿನಲ್ಲೂ ಉತ್ಸಾಹಿ ಅಧ್ಯಾಪಕರೊಬ್ಬರು ಇದ್ದರೆ, ಹಿತ್ತಲಲ್ಲಿ ನಾಲ್ಕು ಮರ ಇದ್ದರೆ, ಈ ಓದು ಚೆನ್ನಾಗಿಯೇ ಸಾಗುತ್ತದೆ.

ಜಾಗ ಮತ್ತು ನೋಟ್‌ಬುಕ್

ನಿಮ್ಮ ಜಾಗ ಕಾಡೇ ಆಗಬೇಕಿಲ್ಲ. ಹಾಸ್ಟೆಲ್ ಹಿಂದಿನ ಕೆರೆ ಏರಿ, ಊರ ಗುಂಡುತೋಪು, ಕಾಲೇಜಿನ ಕಾಂಪೌಂಡ್ ಮೂಲೆ, ಮನೆಯ ಅಡಿಕೆ ತೋಟ ಯಾವುದಾದರೂ ಸರಿ. ವಾರಕ್ಕೊಮ್ಮೆಯಾದರೂ ನಡೆದು ಹೋಗಿಬರುವಷ್ಟು ಹತ್ತಿರವಿರಬೇಕು, ಅಷ್ಟೆ.

ಜೇಬಿಗೆ ಹಿಡಿಸುವ ಗಟ್ಟಿ ರಟ್ಟಿನ ನೋಟ್‌ಬುಕ್ ಕೊಳ್ಳಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಮಳೆ ಬಿದ್ದರೆ ಇಂಕು ಹರಡುತ್ತದೆ. ಪ್ರತಿ ಸಲ ಮೇಲ್ಗಡೆ ದಿನಾಂಕ, ಸಮಯ, ಮೋಡವೋ ಬಿಸಿಲೋ ಬರೆದು, ಆಮೇಲೆ ಕಂಡದ್ದನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಿ. ಚಿತ್ರ ಚೆನ್ನಾಗಿ ಬರಬೇಕೆಂದಿಲ್ಲ. ಎಲೆ ಎದುರುಬದುರಾಗಿದೆಯೋ, ಒಂದು ಬಿಟ್ಟು ಒಂದಿದೆಯೋ ಎಂಬುದು ಚಿತ್ರ ಬಿಡಿಸುವಾಗ ತಾನಾಗಿ ಕಣ್ಣಿಗೆ ಬೀಳುತ್ತದೆ. ಮೊಬೈಲ್ ಫೋಟೋ ಅಷ್ಟು ಹೊತ್ತು ನಿಮ್ಮನ್ನು ನಿಲ್ಲಿಸುವುದಿಲ್ಲ. ಊರಿನವರು ಹೇಳುವ ಹೆಸರನ್ನೂ ಪಕ್ಕದಲ್ಲಿ ಬರೆದಿಡಿ. ಮತ್ತಿ, ಹೊನ್ನೆ, ನಂದಿ ಎಂದು ಗುರುತಿಸುವ ಅಜ್ಜಂದಿರು ಎಷ್ಟೋ ಸಲ ತೊಗಟೆ ನೋಡಿಯೇ ಮರ ಹೇಳುತ್ತಾರೆ. ಗಿಡ ಗುರುತಿಸಲು ಪುಸ್ತಕದಲ್ಲಿ ಕೊಡುವ ಕೀಲಿಗಳಿಗೆ (ಲಕ್ಷಣಗಳ ಪಟ್ಟಿಗಳಿಗೆ) ಹೂ ಬೇಕು, ಹೂವಿಲ್ಲದ ಹತ್ತು ತಿಂಗಳು ನಿಮ್ಮ ಕೈಹಿಡಿಯುವುದು ಈ ತೊಗಟೆಯ ಜ್ಞಾನವೇ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಡಚುವ ಲೆನ್ಸ್ ಒಂದು ಬೇಕೇ ಬೇಕು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹೂವನ್ನು ಅದರ ಬಳಿಗೆ ತನ್ನಿ. ಹಲವರು ಲೆನ್ಸನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ನೋಡಿ, ಏನೂ ಕಾಣದೆ ಬಿಟ್ಟುಬಿಡುತ್ತಾರೆ.

ಮೊದಲ ಪಾಠ: ಅತ್ತಿ ಮರ

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಅತ್ತಿ ಮರ, ಅಂದರೆ ಫೈಕಸ್ ರೆಸಿಮೋಸ. ಹಳ್ಳದ ದಂಡೆಯಲ್ಲಿ, ದೇವಸ್ಥಾನದ ಬಳಿ, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲೂ ಇದೆ. ಮೂರೂ ಪೇಪರಿನ ಪಾಠ ಇದರ ಒಂದು ಕಾಯಿಯೊಳಗೆ ಸಿಗುತ್ತದೆ.

ಒಂದು ಎಳೆಯ ಕಾಯಿ, ಒಂದು ಬಲಿತ ಹಸಿರು ಕಾಯಿ, ಒಂದು ಕೆಂಪಾದ ಹಣ್ಣು ತನ್ನಿ. ಬ್ಲೇಡಿನಿಂದ ಉದ್ದಕ್ಕೆ ಎರಡು ಹೋಳು ಮಾಡಿ. ಎಳೆಯದರಲ್ಲಿ ಒಳಗೋಡೆಯ ತುಂಬ ಒತ್ತೊತ್ತಾಗಿ ನೂರಾರು ಸಣ್ಣ ಹೂಗಳು ಕಾಣುತ್ತವೆ. ನಾವು ಕಾಯಿ ಎನ್ನುವುದು ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ನಿಮ್ಮ ಸಸ್ಯಶಾಸ್ತ್ರದ ರೆಕಾರ್ಡಿನಲ್ಲಿ ಹೈಪಾಂಥೋಡಿಯಂ ಎಂದು ಬರೆಯುವುದು ಇದನ್ನೇ. ತುದಿಯಲ್ಲಿ ಪೊರೆಗಳಿಂದ ಮುಚ್ಚಿದ ಪುಟ್ಟ ರಂಧ್ರವಿದೆ.

ಆ ರಂಧ್ರದಲ್ಲಿ ತೂರಿ ಒಳಗೆ ಹೋಗುವುದು ಸೆರಟೋಸೋಲೆನ್ ಫುಸಿಸೆಪ್ಸ್ ಎಂಬ ಕಣಜ. ತೂರುವಾಗ ಸಾಮಾನ್ಯವಾಗಿ ಅದರ ರೆಕ್ಕೆ ಮುರಿದುಹೋಗುತ್ತದೆ. ಒಳಗೆ ಹೋಗಿ, ತಂದ ಪರಾಗವನ್ನು ಹೆಣ್ಣು ಹೂಗಳಿಗೆ ಹಾಕಿ, ಕೆಲವು ಹೂಗಳ ಅಂಡಾಶಯದಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಬಲಿತ ಕಾಯಿಯಲ್ಲಿ ಉಬ್ಬಿದ ಗಂಟುಗಳು ಕಾಣುತ್ತವಲ್ಲ, ಅವುಗಳೊಳಗೆ ಮರಿಗಳು ಬೆಳೆದಿರುತ್ತವೆ. ಮೊದಲು ಹೊರಬರುವುದು ರೆಕ್ಕೆಯಿಲ್ಲದ ಗಂಡು. ಅದು ಹೆಣ್ಣಿನೊಡನೆ ಕೂಡಿ, ಕಾಯಿಯ ಗೋಡೆಯಲ್ಲಿ ದಾರಿ ಕೊರೆಯುತ್ತದೆ. ಆ ಹೊತ್ತಿಗೆ ಸರಿಯಾಗಿ ಗಂಡು ಹೂಗಳು ಅರಳಿರುತ್ತವೆ. ಹೆಣ್ಣು ಕಣಜ ಪರಾಗ ತುಂಬಿಕೊಂಡು ಹಾರಿ, ಒಂದೆರಡು ದಿನದ ತನ್ನ ಆಯುಸ್ಸಿನಲ್ಲಿ ಇನ್ನೊಂದು ಅತ್ತಿಮರದ ಎಳೆಗಾಯಿ ಹುಡುಕಬೇಕು.

ಅತ್ತಿಹಣ್ಣಿನ ಒಳಗೆ ಹುಳ ಎನ್ನುವ ಮಾತು ನಮ್ಮಲ್ಲಿ ಹಳೆಯದು. ಆ ಹುಳವೇ ಮರದ ಸಂತಾನವನ್ನು ಮುಂದುವರಿಸುವುದು ಎಂಬುದನ್ನು ವಿದ್ಯಾರ್ಥಿ ತನ್ನ ಕಣ್ಣಿಂದ ನೋಡಬೇಕು. ಕೆಲವು ಬಲಿತ ಕಾಯಿಗಳನ್ನು ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ರಾತ್ರಿಯಿಡೀ ಇಡಿ. ಹದ ಸರಿಯಿದ್ದರೆ ಬೆಳಿಗ್ಗೆ ಕಣಜಗಳು ಹೊರಬಂದಿರುತ್ತವೆ. ಹಿಂದೆ ಕೂದಲೆಳೆಯಂಥ ಉದ್ದ ಬಾಲವಿದ್ದವೂ ಸಿಗುತ್ತವೆ. ಅವು ಪರಾಗ ಹೊರುವವಲ್ಲ. ಆ ಉದ್ದನೆಯ ಅಂಗವನ್ನು ಕಾಯಿಯ ಹೊರಗಿನಿಂದಲೇ ಚುಚ್ಚಿ ಒಳಗೆ ಮೊಟ್ಟೆಯಿಡುತ್ತವೆ. ಪರಸ್ಪರ ಲಾಭ, ಪರಾವಲಂಬನೆ, ಸಹವಿಕಾಸ ಎಲ್ಲವೂ ಒಂದೇ ಬಾಟಲಿಯಲ್ಲಿ ಸಿಕ್ಕಿತು.

ಈಗ ಮರದ ಕೆಳಗೆ ನಿಂತು ನೋಡಿ. ಕಾಂಡದ ಮೇಲೆ ಚಗಳಿ ಇರುವೆಗಳು ಓಡಾಡುತ್ತಾ ಕಣಜಗಳನ್ನು ಹಿಡಿಯುತ್ತಿರಬಹುದು. ಮೇಲೆ ಕುಟ್ರುಹಕ್ಕಿ, ಮಂಗ, ಸಂಜೆಯಾದರೆ ಬಾವಲಿ. ಅತ್ತಿ, ಆಲ, ಗೋಣಿಯಂಥ ಮರಗಳು ಎಲ್ಲ ಒಟ್ಟಿಗೆ ಹಣ್ಣು ಬಿಡುವುದಿಲ್ಲ, ಒಂದಾದ ಮೇಲೆ ಒಂದು ಬಿಡುತ್ತವೆ. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಪ್ರಾಣಿಪಕ್ಷಿಗಳಿಗೆ ಇವೇ ಗತಿ. ಹೀಗೆ ಬೇರೆ ಹಲವು ಜೀವಿಗಳು ನೆಚ್ಚಿಕೊಂಡಿರುವ ಪ್ರಭೇದವೇ ಕೀಸ್ಟೋನ್ ಪ್ರಭೇದ. ಆ ಐದು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ವರ್ಷಗಟ್ಟಲೆ ಸಂಶೋಧನೆ ಮಾಡಿರುವುದೂ ಈ ಅತ್ತಿ ಮತ್ತು ಕಣಜಗಳ ಮೇಲೆಯೇ.

ಸಸ್ಯಶಾಸ್ತ್ರ: ಕುಟುಂಬ ಹಿಡಿಯಿರಿ

ಗಿಡಗಳನ್ನು ಒಂದೊಂದಾಗಿ ಕಲಿಯಲು ಹೋದರೆ ಮುಗಿಯುವುದಿಲ್ಲ. ಹತ್ತು ಹನ್ನೆರಡು ಕುಟುಂಬಗಳನ್ನು ಗಟ್ಟಿ ಮಾಡಿಕೊಂಡರೆ ರಸ್ತೆಬದಿಯ ಬಹುಪಾಲು ಗಿಡಗಳು ಅಪರಿಚಿತವಾಗಿ ಉಳಿಯುವುದಿಲ್ಲ. ದಾಸವಾಳ ಬಿಡಿಸಿ ನೋಡಿದವರಿಗೆ ಬೆಂಡೆ, ಹತ್ತಿ ಹೊಸದಲ್ಲ. ತುಂಬೆ ನೋಡಿದವರಿಗೆ ತುಳಸಿ ಹೊಸದಲ್ಲ. ವಾರಕ್ಕೊಂದು ಕುಟುಂಬ, ಅದರ ಮೂರು ಗಿಡ, ಮೂರರ ಹೂ ಬಿಡಿಸಿ ಹೂವಿನ ಸೂತ್ರ (ಹೂವಿನ ಭಾಗಗಳ ಸಂಖ್ಯೆ, ಜೋಡಣೆಯ ಸಂಕೇತ) ಬರೆಯುವುದು. ಇಷ್ಟು ಮಾಡಿದರೆ ಸಾಕು.

ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುವ ಸಂಗತಿಯೊಂದಿದೆ. ನಮ್ಮ ಪಠ್ಯಗಳಲ್ಲಿ ಹೆಚ್ಚಾಗಿ ಇರುವುದು ಬೆಂಥಮ್ ಮತ್ತು ಹೂಕರ್ ಅವರ 1862ರಿಂದ 1883ರವರೆಗೆ ಬಂದ ವರ್ಗೀಕರಣ. ಜಾಲತಾಣಗಳಲ್ಲಿ, ಆ್ಯಪ್‌ಗಳಲ್ಲಿ ಇರುವುದು ಡಿಎನ್‌ಎ ಆಧರಿಸಿದ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್) ವರ್ಗೀಕರಣ, ಅದರ ನಾಲ್ಕನೇ ಆವೃತ್ತಿ 2016ರದು. ಎಕ್ಕ ಹಳೆಯದರಲ್ಲಿ ಆಸ್ಕ್ಲಿಪಿಯಡೇಸಿ, ಹೊಸದರಲ್ಲಿ ಅಪೊಸೈನೇಸಿ. ತೇಗ ಹಳೆಯದರಲ್ಲಿ ವರ್ಬಿನೇಸಿ, ಈಗ ಲೇಮಿಯೇಸಿ. ಪರೀಕ್ಷೆಯಲ್ಲಿ ಸಿಲೆಬಸ್ ಹೇಳಿದ ಪದ್ಧತಿಯಲ್ಲೇ ಬರೆದು, ಪಕ್ಕದಲ್ಲಿ ‘ಎಪಿಜಿ ಪ್ರಕಾರ ಇಂಥದ್ದು’ ಎಂದು ಸೇರಿಸಿ. ಮೌಲ್ಯಮಾಪಕರಿಗೆ ನೀವು ಎರಡೂ ಬಲ್ಲಿರೆಂದು ತಿಳಿಯುತ್ತದೆ.

ಹರ್ಬೇರಿಯಂ ಕೆಲಸವನ್ನು ಸಬ್ಮಿಷನ್‌ಗೆ ಒಂದು ವಾರ ಇರುವಾಗ ಶುರು ಮಾಡಬೇಡಿ. ಹೂವೋ ಕಾಯಿಯೋ ಇರುವ ಸುಮಾರು ಒಂದಡಿ ಉದ್ದದ ರೆಂಬೆ ತನ್ನಿ, ಸಣ್ಣ ಗಿಡವಾದರೆ ಬೇರು ಸಮೇತ. ನ್ಯೂಸ್‌ಪೇಪರ್ ನಡುವೆ ಹರಡುವಾಗ ಒಂದೆರಡು ಎಲೆ ಹಿಂಬದಿ ಕಾಣುವಂತೆ ತಿರುಗಿಸಿ. ಮೊದಲ ಕೆಲವು ದಿನ ದಿನವೂ ಕಾಗದ ಬದಲಿಸಿ. ಮಲೆನಾಡಿನ ಜುಲೈ ಆದರೆ ಎರಡು ಹೊತ್ತು ಬದಲಿಸದಿದ್ದರೆ ಬೂಷ್ಟು ಖಂಡಿತ. ಒಣಗಿದ ಮೇಲೆ 42 × 29 ಸೆಂಟಿಮೀಟರ್ ಶೀಟಿಗೆ ಅಂಟಿಸಿ, ದಪ್ಪ ಕಾಂಡವನ್ನು ದಾರದಿಂದ ಹೊಲಿಯಿರಿ. ಹುಳ ಬೀಳದಂತೆ ಹಿಂದೆ ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಿದ್ದರು. ಅದು ವಿಷ, ಮುಟ್ಟಬೇಡಿ. ಮಾದರಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಡೀಪ್ ಫ್ರೀಜರ್‌ನಲ್ಲಿ ಕೆಲವು ದಿನ ಇಟ್ಟರೆ ಅದೇ ಕೆಲಸ ಆಗುತ್ತದೆ.

ಲೇಬಲ್ಲಿನಲ್ಲಿ ಹೆಸರಿಗಿಂತ ಮುಖ್ಯವಾದವು ಜಾಗ, ದಿನಾಂಕ, ಮರವೋ ಪೊದೆಯೋ, ಹೂವಿನ ಬಣ್ಣ. ಹೆಸರು ತಪ್ಪಿದ್ದರೆ ಮುಂದೆ ಯಾರಾದರೂ ತಿದ್ದಬಹುದು. ಒಣಗಿ ಕಂದಾದ ಹೂವಿನ ಬಣ್ಣ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಹೆಸರು ಹುಡುಕಲು ಭಾರತೀಯ ವಿಜ್ಞಾನ ಸಂಸ್ಥೆಯ ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಉಚಿತವಾಗಿವೆ. ಆ್ಯಪ್ ಹೇಳಿದ ಹೆಸರನ್ನು ಇಲ್ಲಿನ ಫೋಟೋ, ವಿವರಣೆಯ ಜೊತೆ ಹೋಲಿಸದೆ ಶೀಟಿಗೆ ಹಾಕಬೇಡಿ.

ಪ್ರಾಣಿಶಾಸ್ತ್ರ: ಬಾಟಲಿಯಿಂದ ಹೊರಗೆ

ಪ್ರಾಣಿಗಳನ್ನು ಕೊಯ್ಯುವ ಅಭ್ಯಾಸವನ್ನು ಯುಜಿಸಿ 2011ರಿಂದ ಹಂತಹಂತವಾಗಿ ಕಡಿಮೆ ಮಾಡಿಸಿ, 2014ರಲ್ಲಿ ನಿಲ್ಲಿಸುವಂತೆ ಸೂಚಿಸಿತು. ಇದು ಒಳ್ಳೆಯದೇ ಆಯಿತು. ಕಪ್ಪೆ ಹೊಟ್ಟೆ ಸೀಳುತ್ತಿದ್ದ ಸಮಯ ಈಗ ಕಪ್ಪೆ ಏನು ಮಾಡುತ್ತದೆಂದು ನೋಡಲು ಸಿಗಬೇಕು, ಆದರೆ ಎಷ್ಟೋ ಕಡೆ ಆ ಸಮಯವೂ ಚಾರ್ಟ್ ನೋಡಿ ಚಿತ್ರ ಬಿಡಿಸುವುದರಲ್ಲೇ ಕಳೆಯುತ್ತಿದೆ.

ಮೇಜಿನ ಮೇಲಿಟ್ಟ ಮಾದರಿ ನೋಡಿ ಗುರುತಿಸುವ ಸ್ಪಾಟರ್ ಪರೀಕ್ಷೆಗೆ ಉಪಾಯ ಸರಳ. ಪ್ರತಿ ಮಾದರಿಗೂ ಮೂರು ಸಾಲು: ಏನಿದು, ವರ್ಗೀಕರಣ ಎಲ್ಲಿಯವರೆಗೆ, ಹಾಗೆಂದು ಹೇಳಲು ಕಣ್ಣಿಗೆ ಕಾಣುವ ಎರಡು ಲಕ್ಷಣ. ಬಾಟಲಿಯಲ್ಲಿ ಕಾಣದ ಲಕ್ಷಣ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಥಿಯರಿಗೆ ಫೈಲಂ ಫೈಲಂ ಆಗಿ ಓದುವುದರ ಜೊತೆಗೆ ಒಂದು ವ್ಯವಸ್ಥೆಯನ್ನು ಅಡ್ಡಡ್ಡ ಓದಿ. ವಿಸರ್ಜನೆ ಎಂದು ಹಿಡಿದರೆ ಚಪ್ಪಟೆ ಹುಳದ ಫ್ಲೇಮ್ ಕೋಶ, ಎರೆಹುಳದ ನೆಫ್ರಿಡಿಯಾ, ಜಿರಳೆಯ ಮಾಲ್ಪೀಜಿಯನ್ ನಾಳ, ಮೊಲದ ಮೂತ್ರಪಿಂಡ ಹೀಗೆ ಒಂದೇ ಹಾಳೆಯಲ್ಲಿ ಬರೆಯಿರಿ. ಏನು ಬದಲಾಯಿತು, ಏಕೆ ಎಂಬುದು ಆಗ ತಿಳಿಯುತ್ತದೆ.

ಫಾರ್ಮಲಿನ್ ಬಾಟಲಿಯಲ್ಲಿ ಬಿಳುಚಿಕೊಂಡು ಮಲಗಿರುವ ಇಕ್ತಿಯೋಫಿಸ್ ಎಲ್ಲ ಲ್ಯಾಬಿನಲ್ಲೂ ಇರುತ್ತದೆ. ಕಾಲಿಲ್ಲದ ಈ ಉಭಯಚರಿ ಮಲೆನಾಡಿನ ತೋಟಗಳ ಹಸಿ ಮಣ್ಣಿನಲ್ಲೇ ಬದುಕುತ್ತದೆ. ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು ಕಾಯುತ್ತದೆ. ಹಾವೆಂದು ಹೊಡೆದು ಸಾಯಿಸುವವರಿಗೆ ಇದನ್ನು ಹೇಳಬೇಕಾದವರು ಪ್ರಾಣಿಶಾಸ್ತ್ರ ಓದಿದ ಊರಿನ ಮಕ್ಕಳೇ.

ನಡವಳಿಕೆ ನೋಡುವುದರಿಂದ ಏನು ಸಿಗುತ್ತದೆ ಎನ್ನುವುದಕ್ಕೆ ಕುಂಬಾರ ಕಪ್ಪೆ ಇದೆ. ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳಗಳಲ್ಲಿರುವ ಈ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಗಂಡು ಕಪ್ಪೆ ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಹಳ್ಳದ ಕೆಸರು ತೆಗೆದು, ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮೆತ್ತುತ್ತದೆ. ರಾತ್ರಿ ಹಳ್ಳದಲ್ಲಿ ನಿಂತು ನೋಡದೆ ಇದು ತಿಳಿಯುತ್ತಿರಲಿಲ್ಲ. ನಿಮ್ಮ ಜಾಗದಲ್ಲಿ ಒಂದು ಪ್ರಾಣಿಯನ್ನು ಆರಿಸಿ, ಅರ್ಧ ಗಂಟೆ, ನಿಮಿಷಕ್ಕೊಮ್ಮೆ ಅದು ಏನು ಮಾಡುತ್ತಿದೆ ಎಂದು ಬರೆಯಿರಿ: ತಿನ್ನುತ್ತಿದೆ, ಕುಳಿತಿದೆ, ಗರಿ ತಿದ್ದುತ್ತಿದೆ. ಕೊಕ್ಕರೆ, ಮೈನಾ, ನಾಯಿ ಯಾವುದಾದರೂ ಆದೀತು.

ಪರಿಸರ: ಹಗ್ಗ, ಮೊಳೆ, ಲೆಕ್ಕ

ನಾಲ್ಕು ಮೊಳೆ, ನೈಲಾನ್ ಹಗ್ಗ, ಅಳತೆ ಟೇಪು. ಒಂದು ಮೀಟರ್ ಬದಿಯ ಚೌಕ ಕಟ್ಟಿ. ಕರ್ಣ 1.41 ಮೀಟರ್ ಬಂದರೆ ಚೌಕ ಸರಿಯಿದೆ ಎಂದರ್ಥ. ಹುಲ್ಲು, ಸಣ್ಣ ಗಿಡಗಳಿಗೆ ಈ ಅಳತೆ. ಪೊದೆಗಳಿಗೆ 5, ಮರಗಳಿಗೆ 10 ಮೀಟರ್ ಬದಿ. ಚೌಕ ಎಲ್ಲಿ ಬೀಳಬೇಕೆಂದು ನೀವು ಆರಿಸಬೇಡಿ, ಕಣ್ಣು ಸೊಂಪಾದ ಕಡೆಗೇ ಹೋಗುತ್ತದೆ. ಮೈದಾನದ ಎರಡು ಬದಿಗೆ ಹೆಜ್ಜೆ ಗುರುತು ಹಾಕಿ, ಚೀಟಿ ಎತ್ತಿ ಬಂದ ಎರಡು ಸಂಖ್ಯೆಗಳು ಸೇರುವಲ್ಲಿ ಕಟ್ಟಿ.

ಹತ್ತು ಚೌಕ ಹಾಕಿದಿರಿ ಎನ್ನೋಣ. ತುಂಬೆ 6 ಚೌಕಗಳಲ್ಲಿ ಸಿಕ್ಕಿತು, ಒಟ್ಟು 24 ಗಿಡ. ಕಾಂಗ್ರೆಸ್ ಗಿಡ 4 ಚೌಕಗಳಲ್ಲಿ ಸಿಕ್ಕಿತು, ಒಟ್ಟು 48. ತುಂಬೆಯ ಆವರ್ತನ ಶೇ 60, ಸಾಂದ್ರತೆ ಚದರ ಮೀಟರಿಗೆ 2.4, ಇರುವ ಚೌಕಗಳಲ್ಲಿ ಸರಾಸರಿ 4 ಗಿಡ. ಕಾಂಗ್ರೆಸ್ ಗಿಡದ ಆವರ್ತನ ಶೇ 40, ಸಾಂದ್ರತೆ 4.8, ಇರುವ ಕಡೆ ಸರಾಸರಿ 12. ಸೂತ್ರಕ್ಕೆ ಸಂಖ್ಯೆ ಹಾಕಿ ನಿಲ್ಲಿಸಬೇಡಿ, ಸಂಖ್ಯೆ ಏನು ಹೇಳುತ್ತದೆ ಬರೆಯಿರಿ: ತುಂಬೆ ಚದುರಿದೆ, ಕಾಂಗ್ರೆಸ್ ಗಿಡ ಗುಂಪುಗುಂಪಾಗಿದೆ. ಏಕೆ? ಆ ನಾಲ್ಕು ಚೌಕ ಮಣ್ಣು ಕೆದಕಿದ ಜಾಗದಲ್ಲಿದ್ದವೇ? ಪ್ರಾಜೆಕ್ಟ್ ಹುಟ್ಟುವುದು ಈ ಪ್ರಶ್ನೆಯಿಂದ. ಹೊಸ ಚೌಕ ಹಾಕಿದಷ್ಟೂ ಹೊಸ ಗಿಡ ಸಿಗುತ್ತಿದ್ದರೆ ಹತ್ತು ಸಾಲದು, ಇನ್ನೂ ಹಾಕಬೇಕು.

ಗುರುತು ಹಾಕಿ ಮತ್ತೆ ಹಿಡಿಯುವ ವಿಧಾನವೂ ಇಷ್ಟೇ ಸುಲಭ. 40 ಬಸವನಹುಳಗಳ ಚಿಪ್ಪಿಗೆ ಬಣ್ಣದ ಚುಕ್ಕೆ ಇಟ್ಟು ಬಿಟ್ಟು, ನಾಲ್ಕು ದಿನ ಬಿಟ್ಟು 50 ಹಿಡಿದಾಗ 10ಕ್ಕೆ ಚುಕ್ಕೆಯಿದ್ದರೆ ಒಟ್ಟು ಅಂದಾಜು 200. ನಡುವೆ ಹೊಸವು ಬರಲಿಲ್ಲ, ಇದ್ದವು ಹೋಗಲಿಲ್ಲ, ಚುಕ್ಕೆ ಅಳಿಯಲಿಲ್ಲ ಎಂಬ ಊಹೆಗಳನ್ನು ಉತ್ತರದಲ್ಲಿ ಬರೆಯದಿದ್ದರೆ ಅರ್ಧ ಅಂಕ ಹೋದಂತೆ. ಲೆಕ್ಕಕ್ಕೆ ಆರ್ ಎಂಬ ಉಚಿತ ತಂತ್ರಾಂಶವನ್ನು ಎರಡನೇ ವರ್ಷದಲ್ಲೇ ಕಲಿಯಲು ಶುರು ಮಾಡಿ. ಮುಂದೆ ಎಲ್ಲಿಗೆ ಹೋದರೂ ಅದು ಕೇಳುತ್ತಾರೆ.

ಇಂಗ್ಲಿಷ್ ತೊಡಕು

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರಿನಲ್ಲಿ ಕಂಗೆಡುವುದು ವಿಷಯದಿಂದಲ್ಲ, ಪದಗಳಿಂದ. ಗ್ರೀಕ್, ಲ್ಯಾಟಿನ್ ಪದಗಳು ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸವು, ಧೈರ್ಯವಾಗಿರಿ. ಪಾಠವನ್ನು ಕನ್ನಡದಲ್ಲೇ ಯೋಚಿಸಿ, ಗೆಳೆಯರಿಗೆ ಕನ್ನಡದಲ್ಲೇ ಹೇಳಿ, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಅಭ್ಯಾಸ ಮಾಡಿ. ಅರ್ಥವಾಗದ ಗೈಡ್ ಬಾಯಿಪಾಠ ಮಾಡುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ.

ಕಾಡಿಗೆ ಹೋಗುವಾಗ

ಅಭಯಾರಣ್ಯ, ಮೀಸಲು ಅರಣ್ಯದಲ್ಲಿ ಕೆಲಸ ಮಾಡಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಕಾಲೇಜಿನ ಪತ್ರದೊಂದಿಗೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಪ್ರಾಣಿಗಳ ಗರಿ, ಕೊಂಬು, ಮೊಟ್ಟೆಯನ್ನೂ ಸಂಗ್ರಹಕ್ಕೆಂದು ತರುವಂತಿಲ್ಲ.

ಮಲೆನಾಡಿನವರು, ಅಲ್ಲಿಗೆ ಹೋಗುವವರು ಉಣುಗಿನ ಬಗ್ಗೆ ಎಚ್ಚರವಿರಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಚಳಿಗಾಲದಿಂದ ಬೇಸಿಗೆಯವರೆಗೆ ಅಪಾಯ ಹೆಚ್ಚು. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಬೇಡಿ. ತುಂಬುತೋಳಿನ ಬಟ್ಟೆ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಮುಂದಿನ ದಾರಿ

ಎಂ.ಎಸ್ಸಿ.ಗೆ ನಮ್ಮ ವಿಶ್ವವಿದ್ಯಾಲಯಗಳ ಸಸ್ಯ, ಪ್ರಾಣಿ, ಪರಿಸರ ವಿಭಾಗಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ಜೀವಶಾಸ್ತ್ರದ ಎಂ.ಎಸ್ಸಿ. ಇದೆ. ಹೊಸ ತಂಡ ಸೇರುತ್ತ ಬಂದಿರುವುದು ಎರಡು ವರ್ಷಕ್ಕೊಮ್ಮೆ, ಆದ್ದರಿಂದ ನಿಮ್ಮ ವರ್ಷಕ್ಕೆ ಪ್ರವೇಶ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಪುದುಚೇರಿ ವಿಶ್ವವಿದ್ಯಾಲಯದ ಪರಿಸರ ವಿಭಾಗ ಇನ್ನೆರಡು. ಗೇಟ್ ಪರೀಕ್ಷೆಯಲ್ಲಿ ಪರಿಸರ ಮತ್ತು ವಿಕಾಸಕ್ಕೇ ಪ್ರತ್ಯೇಕ ಪೇಪರ್ ಇದೆ. ಸಿಎಸ್‌ಐಆರ್ ನೆಟ್ ಜೀವವಿಜ್ಞಾನದಲ್ಲೂ ಜೀವವೈವಿಧ್ಯ, ಪರಿಸರ, ವಿಕಾಸ ಮತ್ತು ನಡವಳಿಕೆಗೆ ಬೇರೆ ಬೇರೆ ಯೂನಿಟ್‌ಗಳಿವೆ. ಲೆಕ್ಚರರ್ ಆಗುವವರಿಗೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್.

ಪದವಿಯಲ್ಲಿರುವಾಗಲೇ ಫೆಬ್ರುವರಿಯ ಕ್ಯಾಂಪಸ್ ಹಕ್ಕಿ ಎಣಿಕೆಗೆ ನಿಮ್ಮ ಕಾಲೇಜನ್ನು ಸೇರಿಸಿ. ಮರಗಳ ಋತುಬದಲಾವಣೆಯನ್ನು ಜನರೇ ದಾಖಲಿಸುವ ಸೀಸನ್‌ವಾಚ್ ಯೋಜನೆಯಲ್ಲಿ ಒಂದು ಮರವನ್ನು ದಾಖಲಿಸಿ ವಾರವಾರ ಚಿಗುರು, ಹೂ, ಕಾಯಿ ಬರೆಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಬೇರೆ ಎರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ.

ವಿಜ್ಞಾನಿಗಳಿಗೆ ಇಂಟರ್ನ್‌ಶಿಪ್ ಕೇಳಿ ನೇರವಾಗಿ ಮೇಲ್ ಬರೆಯಲೂ ಹಿಂಜರಿಯಬೇಡಿ. ‘ನನಗೆ ಪ್ರಕೃತಿ ಎಂದರೆ ಬಹಳ ಇಷ್ಟ’ ಎಂದು ಶುರು ಮಾಡುವ ಮೇಲ್ ಅವರಿಗೆ ದಿನವೂ ಬರುತ್ತದೆ. ನೀವು ನೋಡಿದ್ದನ್ನು ಬರೆಯಿರಿ: ಇಂಥ ಊರಿನ ಇಂಥ ಕೆರೆಯನ್ನು ಎರಡು ವರ್ಷ ವಾರಕ್ಕೊಮ್ಮೆ ನೋಡಿದ್ದೇನೆ, ಇಷ್ಟು ಹಕ್ಕಿ, ಇಷ್ಟು ಗಿಡ ದಾಖಲಿಸಿದ್ದೇನೆ, ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ, ನಿಮ್ಮ ತಂಡ ಇದರ ಹತ್ತಿರದ ವಿಷಯದಲ್ಲಿ ಕೆಲಸ ಮಾಡುತ್ತಿದೆ. ನೋಟ್‌ಬುಕ್ಕಿನ ಎರಡು ಪುಟದ ಫೋಟೋ ಜೊತೆಗಿರಲಿ. ಹತ್ತು ಸಾಲು ಮೀರಬಾರದು. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಇನ್ನೊಬ್ಬರಿಗೆ ಬರೆಯಿರಿ.